ಕೆರೆಯ ಏರಿಯೇ ಓಟದ ಹಾದಿ
ನದಿಯ ದಡದಲ್ಲಿ ಓಡುವ ಭಾಗ್ಯ ನಮ್ಮ ಕೋಲಾರ ಸೀಮೆಯ ವಿದ್ಯಾರ್ಥಿಗಳಿಗಿಲ್ಲ. ಪಾಲಾರ್ ವರ್ಷದ ಬಹುಭಾಗ ಬರಿಯ ಮರಳು. ಆದರೆ ಕೆರೆಗಳಿಗೆ ಬರವೆಲ್ಲಿ? 2018ರಿಂದ ಕೆ. ಸಿ. ವ್ಯಾಲಿ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿತ ನೀರು ಅನೇಕ ಕೆರೆಗಳಿಗೆ ಹರಿದುಬಂದಿದೆ. ಅವುಗಳ ಏರಿಯೇ ನಮಗೆ ಓಟದ ಹಾದಿಯಾಗಬಾರದೇಕೆ? ಸುತ್ತು ಬರಲಾಗದು, ಹೋದ ದಾರಿಯಲ್ಲೇ ಮರಳಬೇಕು. ಅದೇನೂ ದೊಡ್ಡ ಕುಂದಲ್ಲ.

ಜೊತೆಗಾರನೊಡನೆ ಮಾತನಾಡಲು ಉಸಿರು ಉಳಿಯುವಷ್ಟು ನಿಧಾನವಾಗಿ ಓಡಿದರೆ ಸಾಕು. ಕೆಲವು ತಿಂಗಳ ಅಭ್ಯಾಸದಿಂದ ಹೃದಯವು ಪ್ರತಿ ಬಡಿತದಲ್ಲಿಯೂ ಹೆಚ್ಚು ರಕ್ತವನ್ನು ದೂಡಬಲ್ಲುದು. ಆದಕಾರಣ ವಿಶ್ರಾಂತಿಯಲ್ಲಿರುವಾಗ ನಾಡಿಯ ಬಡಿತ ಇಳಿಯುವುದು. ಮಣಿಕಟ್ಟಿಗೆ ಬೆರಳಿಟ್ಟು ಯಾರಾದರೂ ಎಣಿಸಿ ನೋಡಬಹುದು.

ಏರಿಯ ಜಾಲಿಯನ್ನು ಕಡಿಸಿ, ಕಸ ಸುರಿಯುವುದನ್ನು ನಿಲ್ಲಿಸುವ ಹೊಣೆ ಪುರಸಭೆ, ಪಂಚಾಯಿತಿಗಳದು. ಮುಳ್ಳಿನ ನಡುವೆ ಓಡಿರೆಂದು ಮಕ್ಕಳಿಗೆ ಉಪದೇಶಿಸುವುದು ನಮಗೆ ಸರಿದೋರದು.