ಬುಟ್ಟಿ ಲಾರಿಯಿಂದ ಬಿದ್ದವರಿಗೆ ಯಾರು ದಿಕ್ಕು?

ಮಕ್ಕಳೇ, 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ನಮ್ಮ ಕೋಲಾರದ ಚಿನ್ನದ ಗಣಿಗೆ ಬಂತು. ಅಂದಿನಿಂದ ತಂತಿ ಸರಿಮಾಡಲು ಯಾರಾದರೂ ಮೇಲೆ ಹತ್ತಲೇಬೇಕು. ಈಗ ಕೆಲವೆಡೆ ಉದ್ದ ತೋಳಿನ ತುದಿಯಲ್ಲಿ ಬುಟ್ಟಿಯಿರುವ ಲಾರಿ ಬರುತ್ತದೆ. ಏಣಿಗಿಂತ ಅದು ವಾಸಿ. ಆದರೂ ತೋಳು ತಂತಿಗೆ ತಾಗಿದರೆ, ಚಕ್ರದಡಿಯ ನೆಲ ಕುಸಿದರೆ, ಬೆಲ್ಟ್ ಹಾಕದಿದ್ದರೆ ಅನಾಹುತವೇ.

“ಬಿದ್ದು ಕಾಲು ಮುರಿದವನಿಗೆ ಕಾಂಟ್ರಾಕ್ಟರು ಹತ್ತು ಸಾವಿರ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡರೆ ಮುಗೀತೇನಪ್ಪಾ?” ಎಂದು ಮಾಲೂರಿನ ಅಜ್ಜಿಯೊಬ್ಬರು ನನ್ನನ್ನು ಕೇಳಿದರು.

ಮುಗಿಯಲಿಲ್ಲ ಅಜ್ಜಿ. ಕೆಲಸದಲ್ಲಿ ಗಾಯವಾದವರಿಗೆ ಪರಿಹಾರ ಕೊಡಬೇಕೆಂಬ ಕಾನೂನು ನಮ್ಮಲ್ಲಿ 1923ರಲ್ಲೇ ಬಂತು. ಹಕ್ಕನ್ನು ಬಿಟ್ಟುಕೊಟ್ಟೆ ಎಂಬ ಕರಾರು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಗುತ್ತಿಗೆಯ ಕೂಲಿಯವರು ಕೆಲಸ ವಹಿಸಿದ ಮೂಲ ಮಾಲೀಕರಿಂದಲೂ ಕೇಳಬಹುದು. ಇ.ಎಸ್.ಐ. ಇದ್ದವರಿಗೆ ಪರಿಹಾರ ಅದರ ಮೂಲಕ ಸಿಗುತ್ತದೆ. ಉಳಿದವರು ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ಶ್ರೀನಿವಾಸಪುರದವರು ಬೆಂಗಳೂರಿನಲ್ಲಿ ಬಿದ್ದರೂ ತಮ್ಮ ಜಿಲ್ಲೆಯಲ್ಲೇ ಕೇಳಬಹುದು.

ವಕೀಲರಿಗೆ ದುಡ್ಡೆಲ್ಲಿ ಅಂತೀರಾ? 1987ರ ಕಾನೂನಿನ ಪ್ರಕಾರ ಕೈಗಾರಿಕಾ ಕಾರ್ಮಿಕರು, ಹೆಂಗಸರು, ಮಕ್ಕಳು, ಅಂಗವಿಕಲರು, ಪರಿಶಿಷ್ಟ ಜಾತಿ–ಪಂಗಡದವರಿಗೆ ವಕೀಲರ ನೆರವು ಉಚಿತ. ಕೋಲಾರದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದವರು ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಎಲ್ಲಿ ಎಂದು ವಿಚಾರಿಸಿ. ಆಸ್ಪತ್ರೆ ಚೀಟಿ, ಕೂಲಿ ಲೆಕ್ಕ, ಜೊತೆಗಿದ್ದವರ ಹೆಸರು ಜೋಪಾನ.

ಮಕ್ಕಳೇ, ಸಹಾಯವಾಣಿಯ ಸಂಖ್ಯೆ 15100. ಇದನ್ನು ಮನೆಯ ಕ್ಯಾಲೆಂಡರಿನಲ್ಲಿ ದಪ್ಪಕ್ಷರದಲ್ಲಿ ಬರೆದು, ಅಜ್ಜಿ ತಾತನಿಗೂ ಓದಿ ಹೇಳಿ.