ಸರ್ಕಾರಿ ಕಾಡಿನಲ್ಲಿ ಹೆದ್ದಾರಿ: ಇಲಾಖೆಗಳ ಪೂರ್ವ ಒಡಂಬಡಿಕೆ ಬೇಕೇ?

ಅಮೆರಿಕದ ನೆವಾಡಾ ರಾಜ್ಯದ ನೆಲದಲ್ಲಿ ನೂರಕ್ಕೆ ಸುಮಾರು 80ರಷ್ಟು ಕೇಂದ್ರ ಸರ್ಕಾರದ್ದು. ಇಂಥ ಕಡೆ ಹೆದ್ದಾರಿ ಮಾಡುವುದು ರಾಜ್ಯದ ಸಾರಿಗೆ ಇಲಾಖೆ, ಹಣ ಕೊಡುವುದು ಫೆಡರಲ್ ಹೆದ್ದಾರಿ ಆಡಳಿತ. ನೆಲ ಮಾತ್ರ ಅರಣ್ಯ ಸೇವೆಯದೋ ಭೂ ನಿರ್ವಹಣಾ ಬ್ಯೂರೊದ್ದೋ ಆಗಿರುತ್ತದೆ. 1970ರ ಜನವರಿ 1ರಂದು ಸಹಿ ಬಿದ್ದ ರಾಷ್ಟ್ರೀಯ ಪರಿಸರ ನೀತಿ ಕಾಯ್ದೆಯ ಪ್ರಕಾರ ಕೆಲಸಕ್ಕೆ ಮುನ್ನ ಪರಿಸರ ಪರಿಶೀಲನೆ ಆಗಲೇಬೇಕು. ಅದನ್ನು ಯಾರು, ಯಾವ ಕ್ರಮದಲ್ಲಿ, ಎಷ್ಟು ದಿನದೊಳಗೆ ಮಾಡಬೇಕೆಂದು ಇಲಾಖೆಗಳು ಮೊದಲೇ ಲಿಖಿತ ಒಡಂಬಡಿಕೆ ಮಾಡಿಕೊಳ್ಳುವುದು ಅಲ್ಲಿನ ಪದ್ಧತಿ. ಬಂಡೀಪುರದ ರಾತ್ರಿ ಸಂಚಾರ ನಿಷೇಧದ ಸುತ್ತಲಿನ ಜಟಾಪಟಿಯನ್ನು ವರ್ಷಗಳಿಂದ ಕಂಡಿರುವ ಕನ್ನಡಿಗರೂ ಯೋಚಿಸಬೇಕಾದ ವಿಷಯ ಇದು. ಇಂಥ ಒಡಂಬಡಿಕೆ ಕಾಡನ್ನು ಕಾಯುತ್ತದೆಯೇ, ಅಥವಾ ರಸ್ತೆಯ ದಾರಿಯನ್ನಷ್ಟೇ ಸಲೀಸು ಮಾಡುತ್ತದೆಯೇ?

ಪರ: ಗೆರೆ ಎಳೆಯುವಾಗಲೇ ಕಾಡಿನವರು ಎದುರಿಗಿರಲಿ

ಒಡಂಬಡಿಕೆ ಇಲ್ಲದ ಕಡೆ ಏನಾಗುತ್ತದೆ ನೋಡಿ. ಎಂಜಿನಿಯರುಗಳು ಮಾರ್ಗ ಗುರುತಿಸಿ, ಅಂದಾಜುಪಟ್ಟಿ ಮಾಡಿ, ಆಮೇಲೆ ಕಡತ ಹಿಡಿದು ಅರಣ್ಯಾಧಿಕಾರಿಯ ಬಳಿ ಬರುತ್ತಾರೆ. ಅಷ್ಟು ಹೊತ್ತಿಗೆ ನಕ್ಷೆ ಗಟ್ಟಿಯಾಗಿರುತ್ತದೆ. ಅಧಿಕಾರಿ ಹೆಚ್ಚೆಂದರೆ ಕಡಿದ ಮರಕ್ಕೆ ಬದಲು ಸಸಿ ಕೇಳಬಹುದು. ಮಾರ್ಗವನ್ನೇ ಬದಲಿಸಿ ಎನ್ನುವ ಅವಕಾಶ ಕೈತಪ್ಪಿರುತ್ತದೆ. ಒಡಂಬಡಿಕೆ ಇದ್ದರೆ, ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುವ ದಿನವೇ ಕಾಡಿನವರು ಎದುರಿಗೆ ಕೂತಿರುತ್ತಾರೆ.

ಒಂದು ರಸ್ತೆಗೆ ಹಲವು ಕಾನೂನುಗಳು ಅಡ್ಡ ಬರುತ್ತವೆ. ಜೌಗು ನೆಲ ತುಂಬಬೇಕಾದರೆ 1972ರ ಶುದ್ಧ ಜಲ ಕಾಯ್ದೆಯಡಿ ಸೇನೆಯ ಎಂಜಿನಿಯರುಗಳ ದಳ ಅನುಮತಿ ಕೊಡಬೇಕು. ಅಳಿವಿನಂಚಿನ ಜೀವಿ ಇದ್ದರೆ 1973ರ ಕಾಯ್ದೆಯಡಿ ಮೀನು ಮತ್ತು ವನ್ಯಜೀವಿ ಸೇವೆಯನ್ನು ಕೇಳಬೇಕು. ಒಬ್ಬೊಬ್ಬರೂ ಬೇರೆ ಬೇರೆ ವರದಿ ಬರೆಯುತ್ತ ಹೋದರೆ ವರ್ಷಗಳು ಕರಗುತ್ತವೆ. 2010ರಿಂದ 2018ರ ನಡುವೆ ಪೂರ್ಣ ಪ್ರಮಾಣದ ಒಂದು ಪರಿಶೀಲನೆಗೆ ಸರಾಸರಿ ನಾಲ್ಕೂವರೆ ವರ್ಷ ಹಿಡಿದಿತ್ತೆಂದು ಅಧ್ಯಕ್ಷರ ಕಚೇರಿಯ ಪರಿಸರ ಗುಣಮಟ್ಟ ಮಂಡಳಿಯೇ ಲೆಕ್ಕ ಕೊಟ್ಟಿದೆ. ಈ ವಿಳಂಬದಿಂದ ಕಾಡಿಗೆ ಒಳಿತೇನೂ ಆಗುವುದಿಲ್ಲ. ಹಳೆಯ ರಸ್ತೆಯಲ್ಲಿ ವಾಹನಗಳು ಓಡುತ್ತಲೇ ಇರುತ್ತವೆ, ಜಿಂಕೆಗಳು ಚಕ್ರಕ್ಕೆ ಸಿಕ್ಕಿ ಸಾಯುತ್ತಲೇ ಇರುತ್ತವೆ.

ವಾಷಿಂಗ್ಟನ್ ರಾಜ್ಯದ ಸ್ನೋಕ್ವಾಲ್ಮಿ ಕಣಿವೆಯನ್ನು ನೋಡಿ. ಅಂತರರಾಜ್ಯ ಹೆದ್ದಾರಿ 90 ಅಲ್ಲಿ ರಾಷ್ಟ್ರೀಯ ಅರಣ್ಯವನ್ನು ಸೀಳಿಕೊಂಡು ಹೋಗುತ್ತದೆ; ಕ್ಯಾಸ್ಕೇಡ್ ಪರ್ವತದ ಉತ್ತರ, ದಕ್ಷಿಣ ಭಾಗಗಳ ಪ್ರಾಣಿಗಳಿಗೆ ಅದು ಗೋಡೆಯಂತಾಗಿತ್ತು. ಹಯಾಕ್‌ನಿಂದ ಈಸ್ಟನ್‌ವರೆಗಿನ 24 ಕಿಲೋಮೀಟರ್ ಅಗಲಗೊಳಿಸುವಾಗ ಹೆದ್ದಾರಿ ಎಂಜಿನಿಯರುಗಳೂ ಅರಣ್ಯ ಸೇವೆಯ ಜೀವವಿಜ್ಞಾನಿಗಳೂ ಕೂಡಿ ಕೆಲಸ ಮಾಡಿದರು. ಪ್ರಾಣಿಗಳು ದಾಟುವ ಜಾಗಗಳು ಯೋಜನೆಯ ಉದ್ದೇಶದಲ್ಲೇ ಸೇರಿಕೊಂಡವು. ಇಂದು ಕೀಚೆಲಸ್ ಸರೋವರದ ಬಳಿ, ಹರಿದಾಡುವ ವಾಹನಗಳ ನೆತ್ತಿಯ ಮೇಲಿನ ಮಣ್ಣು-ಗಿಡಗಳ ಸೇತುವೆಯಲ್ಲಿ ಜಿಂಕೆ, ಎಲ್ಕ್, ಕಯೋಟಿಗಳು ಓಡಾಡುತ್ತವೆ.

ಮೊಂಟಾನಾದ ಹೆದ್ದಾರಿ 93ರ ಪಾಠ ಇನ್ನೂ ದೊಡ್ಡದು. ಅದು ಹಾದುಹೋಗುವುದು ಸೇಲಿಶ್ ಮತ್ತು ಕೂಟನಿ ಬುಡಕಟ್ಟುಗಳ ನೆಲದಲ್ಲಿ. ಅಗಲೀಕರಣಕ್ಕೆ ಬುಡಕಟ್ಟು ಸರ್ಕಾರ ಒಪ್ಪದೆ ಯೋಜನೆ ನಿಂತಿತ್ತು. 2000ದ ಡಿಸೆಂಬರಿನಲ್ಲಿ ಬುಡಕಟ್ಟು, ರಾಜ್ಯ, ಕೇಂದ್ರ ಮೂವರೂ ಒಡಂಬಡಿಕೆಗೆ ಸಹಿ ಹಾಕಿದ ಮೇಲೆ, 90 ಕಿಲೋಮೀಟರ್ ರಸ್ತೆಯಲ್ಲಿ ಸುಮಾರು 40 ಕಡೆ ಪ್ರಾಣಿಗಳಿಗೆ ದಾರಿ ಬಿಟ್ಟರು. ನೆಲದ ಇಳಿಜಾರು, ಹೊಳೆಯ ತಿರುವು ನೋಡಿಕೊಂಡು ರಸ್ತೆಯೇ ಬಾಗಿತು.

ಅಧಿಕಾರಿಗಳಿಗೆ ವರ್ಗವಾಗುತ್ತದೆ, ಸರ್ಕಾರಗಳು ಬದಲಾಗುತ್ತವೆ. ಬಾಯಿಮಾತಿನ ಭರವಸೆ ಅವರ ಜೊತೆಗೇ ಹೋಗುತ್ತದೆ. ಸಹಿಯಾದ ಕಾಗದ ಉಳಿಯುತ್ತದೆ. ತಕರಾರು ಬಂದರೆ ಯಾರು ಯಾರ ಬಳಿ ಹೋಗಬೇಕೆಂಬುದೂ ಅದರಲ್ಲೇ ಇರುತ್ತದೆ. ಕಾಡಿಗೆ ಬೇಕಿರುವುದು ಇಂಥ ದಾಖಲೆ.

ವಿರೋಧ: ಕೈಕುಲುಕಿದ ಮೇಲೆ ಪರಿಶೀಲನೆ ಎಲ್ಲಿ?

ಒಡಂಬಡಿಕೆ ಸಮಬಲರ ನಡುವೆ ಆಗಬೇಕು. ಇಲ್ಲಿ ಬಲ ಸಮವಾಗಿಲ್ಲ. ಅಮೆರಿಕದ ಹೆದ್ದಾರಿ ಕಾನೂನಿನ 317ನೇ ಕಲಮನ್ನು ಓದಿ. ರಸ್ತೆಗೆ ಕೇಂದ್ರದ ಭೂಮಿ ಬೇಕೆಂದು ಕೇಳಿಕೆ ಬಂದ ನಾಲ್ಕು ತಿಂಗಳೊಳಗೆ ನೆಲದ ಇಲಾಖೆ ‘ಇದು ಸಾರ್ವಜನಿಕ ಹಿತಕ್ಕೆ ವಿರುದ್ಧ’ ಎಂದೋ ‘ಈ ನೆಲದ ಉದ್ದೇಶಕ್ಕೆ ಹೊಂದದು’ ಎಂದೋ ದಾಖಲಿಸದಿದ್ದರೆ, ಆ ಭೂಮಿಯನ್ನು ಹೆದ್ದಾರಿಗೆ ವರ್ಗಾಯಿಸಬಹುದು. ಮೌನಂ ಸಮ್ಮತಿ ಲಕ್ಷಣಂ ಎಂಬುದನ್ನೇ ಕಾನೂನು ಮಾಡಿಟ್ಟ ಹಾಗೆ! ಗಡಿಯಾರ ಒಬ್ಬರ ಕೈಯಲ್ಲಿದ್ದು, ಕಾಡು ಇನ್ನೊಬ್ಬರ ಹೊಣೆಯಾಗಿರುವಾಗ ಒಪ್ಪಂದ ಯಾವ ಕಡೆಗೆ ವಾಲೀತು?

ಪರಿಶೀಲನೆಯ ಜೀವಾಳವಿರುವುದು ‘ಬೇಡ’ ಎನ್ನುವ ಸಾಧ್ಯತೆಯಲ್ಲಿ. ವೇಳಾಪಟ್ಟಿಗೆ ಸಹಿ ಹಾಕಿದ ಇಲಾಖೆ ಆ ಮಾತನ್ನು ಸುಲಭವಾಗಿ ಆಡಲಾರದು. 2018ರಲ್ಲಿ ಹತ್ತಕ್ಕೂ ಹೆಚ್ಚು ಕೇಂದ್ರ ಸಂಸ್ಥೆಗಳು ‘ಒಂದೇ ಕೇಂದ್ರ ತೀರ್ಮಾನ’ದ ಒಡಂಬಡಿಕೆ ಮಾಡಿಕೊಂಡು ಸರಾಸರಿ ಎರಡು ವರ್ಷದ ಗುರಿ ಇಟ್ಟುಕೊಂಡವು. 2023ರ ಕಾನೂನು ಎರಡು ವರ್ಷ, 150 ಪುಟ ಎಂಬ ಮಿತಿಯನ್ನೇ ಹಾಕಿತು. ಅಸಾಧಾರಣ ಜಟಿಲ ಯೋಜನೆಗೆ ಮಾತ್ರ 300 ಪುಟ. ಮರುಭೂಮಿಯ ಆಮೆ ಬದುಕಿನ ಬಹುಪಾಲು ಬಿಲದಲ್ಲೇ ಕಳೆಯುತ್ತದೆ. ಮಳೆ ಬಾರದ ವರ್ಷ ಅದು ಹೊರಗೆ ಕಾಣಿಸುವುದೂ ಕಡಿಮೆ. ನಮ್ಮ ಕ್ಯಾಲೆಂಡರ್ ನೋಡಿಕೊಂಡು ಅದು ಹೊರಬರುವುದಿಲ್ಲ.

ಆ ಆಮೆಯ ಊರೇ ಯೂಟಾದ ರೆಡ್ ಕ್ಲಿಫ್ಸ್. 2009ರಲ್ಲಿ ಸಂಸತ್ತು ಅದನ್ನು ಸಂರಕ್ಷಣಾ ಪ್ರದೇಶವೆಂದು ಘೋಷಿಸಿತು. ಅದರೊಳಗೇ ನಾರ್ದರ್ನ್ ಕಾರಿಡಾರ್ ಹೆದ್ದಾರಿಯ ಪ್ರಸ್ತಾಪ ಬಂದಾಗ ಭೂ ನಿರ್ವಹಣಾ ಬ್ಯೂರೊ, ವನ್ಯಜೀವಿ ಸೇವೆ ಎರಡೂ ಸೇರಿ ಒಂದೇ ವರದಿ ಸಿದ್ಧಪಡಿಸಿದವು. ನೆಲ ಕಾಯುವವರೂ ಪ್ರಾಣಿ ಕಾಯುವವರೂ ಒಂದೇ ಹಾಳೆಯಲ್ಲಿದ್ದರು. ನಡುವೆ 2020ರ ಬೇಸಿಗೆಯಲ್ಲಿ ಬೆಂಕಿ ಬಿದ್ದು ಆಮೆಗಳ ನೆಲೆಯ ದೊಡ್ಡ ಭಾಗ ಸುಟ್ಟುಹೋಯಿತು. ಆದರೂ 2021ರ ಜನವರಿಯಲ್ಲಿ ಹೆದ್ದಾರಿಗೆ ಒಪ್ಪಿಗೆ ಬಿತ್ತು. ಪರಿಸರ ಸಂಘಟನೆಗಳು ಕೋರ್ಟಿಗೆ ಹೋದವು; 2023ರಲ್ಲಿ ಸರ್ಕಾರ ಮರುಪರಿಶೀಲನೆಗೆ ಒಪ್ಪಿತು; 2024ರ ಕೊನೆಗೆ ಅದೇ ಬ್ಯೂರೊ ಬೇರೆ ಮಾರ್ಗದ ಕಡೆ ತಿರುಗಿತು. ಆಮೇಲೂ ವಿವಾದ ಆರಲಿಲ್ಲ. ಇಲಾಖೆಗಳ ಒಮ್ಮತ ಅಲ್ಲಿ ಆಮೆಯನ್ನೂ ಕಾಯಲಿಲ್ಲ, ಸಮಯವನ್ನೂ ಉಳಿಸಲಿಲ್ಲ.

ಮೆಂಫಿಸ್‌ನ ಓವರ್ಟನ್ ಪಾರ್ಕ್ ಕೇಂದ್ರದ ಭೂಮಿಯಲ್ಲ, ನಗರದ ಉದ್ಯಾನ. ಆದರೆ ಕಾನೂನಿನ ಪಾಠ ಅಲ್ಲೇ ಹುಟ್ಟಿತು. ಅದರೊಳಗೆ ಹೆದ್ದಾರಿ 40 ಹೋಗಲಿ ಎಂದು ನಗರ, ರಾಜ್ಯ, ಕೇಂದ್ರ ಮೂರೂ ಒಪ್ಪಿದ್ದವು. ತಡೆದವರು ಅಕ್ಕಪಕ್ಕದ ನಿವಾಸಿಗಳು. ಉದ್ಯಾನದ ನೆಲ ಬಳಸಬೇಕಾದರೆ ಬೇರೆ ಯೋಗ್ಯ ದಾರಿ ಇಲ್ಲವೆಂಬುದು ಖಚಿತವಾಗಬೇಕು ಎಂದು 1971ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ರಸ್ತೆ ಕೊನೆಗೂ ಅಲ್ಲಿ ಬರಲಿಲ್ಲ.

ಮೊಂಟಾನಾದ ಉದಾಹರಣೆಯನ್ನು ನಾನೂ ಮೆಚ್ಚುತ್ತೇನೆ. ಆದರೆ ಅಲ್ಲಿ ಗೆದ್ದದ್ದು ಒಡಂಬಡಿಕೆಯ ಕಾಗದವೇ? ಬುಡಕಟ್ಟಿಗೆ ‘ಬೇಡ’ ಎನ್ನುವ ಶಕ್ತಿ ಇತ್ತು, ವರ್ಷಗಟ್ಟಲೆ ಅದನ್ನು ಬಳಸಿತು. ಅದಕ್ಕೇ ರಸ್ತೆ ಬಾಗಿತು. ಅರಣ್ಯ ಇಲಾಖೆಗೂ ಮೊದಲು ಆ ಶಕ್ತಿ ಕೊಡಿ. ಒಡಂಬಡಿಕೆಯ ಕರಡನ್ನು ಸಹಿಗೆ ಮುಂಚೆ ಜನರ ಮುಂದಿಡಿ. ಗಡುವು ಮೀರಿದರೆ ಒಪ್ಪಿಗೆ ಎನ್ನುವ ನಿಯಮ ತೆಗೆದು, ಉತ್ತರ ಬರುವ ತನಕ ನೆಲ ಮುಟ್ಟುವಂತಿಲ್ಲ ಎಂದು ಬರೆಯಿರಿ. ಆಮೇಲೆ ಒಡಂಬಡಿಕೆಯ ಮಾತಾಡೋಣ.