ಪಾಲಾದ ಮೇಲೆ ಗೋಡೆ ಎಲ್ಲಿ?

ಕೂಡು ಕುಟುಂಬದಿಂದ ಬೇರೆ ಹೋಗುವುದು ತಪ್ಪೇನಲ್ಲ. ಅಣ್ಣನ ಯಜಮಾನಿಕೆ ಸಾಕಪ್ಪಾ ಅಂತ ಅನ್ನಿಸಿದರೆ ತಮ್ಮ ಪಾಲು ಕೇಳಬಹುದು. ಆದರೆ ಕೇಳುವವನು ಗೋಡೆ ಎಲ್ಲಿ ಎಬ್ಬಿಸಬೇಕು ಎನ್ನುವುದನ್ನೂ ಅವತ್ತೇ ಹೇಳಬೇಕು. ಬ್ರಿಟನ್ನು ಯುರೋಪಿಯನ್ ಒಕ್ಕೂಟ ಬಿಡಲು ಹೊರಟಾಗ ಈ ಪ್ರಶ್ನೆಗೆ ಉತ್ತರ ಕೊಡದೆ ಜನರಿಂದ ಮತ ಪಡೆದರು. ಅದು ಅನ್ಯಾಯ ಎನ್ನುವುದೇ ನನ್ನ ವಾದ.

2016ರ ಜೂನ್ 23ರಂದು ಶೇಕಡಾ 51.9 ಮತದಾರರು 'ಬಿಡೋಣ' ಎಂದರು. ಮತಪತ್ರದಲ್ಲಿ ಇದ್ದದ್ದು ಎರಡೇ ಚೌಕ: ಇರುವುದು, ಬಿಡುವುದು. ಬಿಟ್ಟು ಎಲ್ಲಿಗೆ ಹೋಗುವುದು? ದಾರಿಗಳು ನಾಲ್ಕಾದರೂ ಇದ್ದವು. ನಾರ್ವೆಯಂತೆ ಹೊರಗಿದ್ದುಕೊಂಡೇ ಒಕ್ಕೂಟದ ಏಕ ಮಾರುಕಟ್ಟೆಯಲ್ಲಿ ಉಳಿಯಬಹುದು. ಆಗ ಹಣವನ್ನೂ ಕಟ್ಟಬೇಕು, ಅಲ್ಲಿನ ಕಾನೂನನ್ನೂ ಪಾಲಿಸಬೇಕು, ಕಾನೂನು ಮಾಡುವಾಗ ಮತ ಮಾತ್ರ ಇಲ್ಲ. ತುರ್ಕಿಯಂತೆ ಸುಂಕದ ಕೂಟದಲ್ಲಿ ಇರಬಹುದು. ಆಗ ಹೊರದೇಶದ ಸರಕಿನ ಮೇಲೆ ತನಗೆ ಬೇಕಾದ ಸುಂಕ ಹಾಕುವ ಹಾಗಿಲ್ಲ. ಕೆನಡಾದಂತೆ ಬರೀ ವ್ಯಾಪಾರ ಒಪ್ಪಂದ ಮಾಡಿಕೊಳ್ಳಬಹುದು. ಏನೂ ಬೇಡ ಎಂದರೆ ವಿಶ್ವ ವ್ಯಾಪಾರ ಸಂಸ್ಥೆಯ ನಿಯಮದಂತೆ ಪೂರ್ತಿ ಪರಕೀಯರಾಗಬಹುದು. ಈ ನಾಲ್ಕೂ ಒಂದೇ 'ಬಿಡೋಣ' ಎಂಬ ಚೌಕದೊಳಗೆ ಅಡಗಿ ಕೂತಿದ್ದವು.

ಇದರ ಪೆಟ್ಟು ಬಿದ್ದದ್ದು ಐರ್ಲೆಂಡಿನ ಗಡಿಗೆ. ದ್ವೀಪ ಒಂದೇ, ಉತ್ತರದ ತುಂಡು ಬ್ರಿಟನ್ನಿನದು, ಉಳಿದದ್ದು ಒಕ್ಕೂಟದಲ್ಲೇ ಇರುವ ಐರ್ಲೆಂಡ್ ಗಣರಾಜ್ಯ. ನಡುವಿನ ಗಡಿ ಸುಮಾರು 500 ಕಿಲೋಮೀಟರ್. ಅದನ್ನು ದಾಟುವ ರಸ್ತೆಗಳು 200ಕ್ಕೂ ಹೆಚ್ಚು. ಮುಂಬಯಿಯವರಿಗೆ ಇದನ್ನು ವಿವರಿಸುವುದು ಸುಲಭ. 2017ರಲ್ಲಿ ಜಿ.ಎಸ್.ಟಿ. ಬರುವ ತನಕ ಜಕಾತಿ ನಾಕಾದಲ್ಲಿ ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದದ್ದು ನೆನಪಿದೆಯಲ್ಲ? ಸುಂಕ ಬೇರೆಯಾದರೆ ನಾಕಾ ಬಂತು. ಔಷಧಿ, ಮಾಂಸ, ಹಾಲಿನ ನಿಯಮ ಬೇರೆಯಾದರಂತೂ ತಪಾಸಣೆಯೂ ಬಂತು.

ಕ್ಯಾಮೆರಾ ಇಟ್ಟರಾಯಿತು, ನಾಕಾ ಯಾಕೆ ಬೇಕು ಎಂದರು ಕೆಲವರು. ಅವರು ಇತಿಹಾಸ ಮರೆತಿದ್ದರು. ಗಡಿಯ ಹತ್ತಿರದ ನ್ಯೂರಿ ಊರಿನ ಸುಂಕದ ಕಟ್ಟೆಯಲ್ಲಿ 1972ರ ಆಗಸ್ಟ್‌ನಲ್ಲಿ ಬಾಂಬ್ ಸಿಡಿದು ಒಂಬತ್ತು ಜನ ಸತ್ತರು. ಮೂವತ್ತು ವರ್ಷದ ಹಿಂಸೆಯಲ್ಲಿ ಸತ್ತವರು ಸುಮಾರು 3,500. 1993ರಲ್ಲಿ ಏಕ ಮಾರುಕಟ್ಟೆ ಬಂದು ಸುಂಕದ ಕಟ್ಟೆಗಳು ಹೋದವು. 1998ರ ಒಪ್ಪಂದದ ಮೇಲೆ ಸೈನಿಕರ ಕಾವಲೂ ಹೋಯಿತು. ಅಲ್ಲಿನವರಿಗೆ ಗಡಿ ಕಣ್ಣಿಗೆ ಬೀಳದಿರುವುದೇ ಶಾಂತಿಯ ಗುರುತು. ಅಲ್ಲಿ ಒಂದು ಕಂಬ ನೆಟ್ಟರೂ ಅದನ್ನು ಕಾಯಲು ಪೊಲೀಸರು ಬೇಕು.

ಬ್ರಿಟನ್ನಿನ ನಾಯಕರು ಮೂರು ಮಾತು ಕೊಟ್ಟರು. ಸುಂಕದ ಕೂಟವನ್ನೂ ಏಕ ಮಾರುಕಟ್ಟೆಯನ್ನೂ ಬಿಡುತ್ತೇವೆ. ಐರ್ಲೆಂಡಿನ ನೆಲದ ಮೇಲೆ ಗಡಿ ಇರುವುದಿಲ್ಲ. ಉತ್ತರ ಐರ್ಲೆಂಡಿಗೂ ಉಳಿದ ಬ್ರಿಟನ್ನಿಗೂ ನಡುವೆಯೂ ಗಡಿ ಇರುವುದಿಲ್ಲ. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ! ಮೂರರಲ್ಲಿ ಯಾವ ಎರಡನ್ನಾದರೂ ಉಳಿಸಿಕೊಳ್ಳಬಹುದಿತ್ತು, ಮೂರನ್ನೂ ಅಲ್ಲ.

ತೆರೆಸಾ ಮೇ ಅವರು, ಬೇರೆ ದಾರಿ ಸಿಗುವ ತನಕ ಇಡೀ ದೇಶ ಸುಂಕದ ಕೂಟದಲ್ಲೇ ಇರಲಿ ಎಂದರು. 2019ರ ಜನವರಿಯಲ್ಲಿ ಪಾರ್ಲಿಮೆಂಟು 432–202ರಿಂದ ಅದನ್ನು ತಳ್ಳಿಹಾಕಿತು. ಸಮುದ್ರದಲ್ಲಿ ಗಡಿ ಒಪ್ಪಲಾರೆ ಎಂದು 2018ರಲ್ಲಿ ಬೆಲ್‌ಫಾಸ್ಟಿಗೇ ಹೋಗಿ ಹೇಳಿಬಂದಿದ್ದ ಬೋರಿಸ್ ಜಾನ್ಸನ್ನರು, ಮರುವರ್ಷ ಪ್ರಧಾನಿಯಾಗಿ ಅದನ್ನೇ ಒಪ್ಪಿಕೊಂಡರು. 2021ರಿಂದ ಒಂದೇ ದೇಶದ ಒಂದು ಭಾಗದಿಂದ ಇನ್ನೊಂದಕ್ಕೆ ಹೋಗುವ ಸರಕಿಗೂ ಬಂದರಿನಲ್ಲಿ ಕಾಗದ ತೋರಿಸಬೇಕಾಯಿತು. ಸಿಟ್ಟಿಗೆದ್ದ ಅಲ್ಲಿನ ದೊಡ್ಡ ಬ್ರಿಟನ್‌ಪರ ಪಕ್ಷ 2022ರಿಂದ 2024ರ ಫೆಬ್ರವರಿ ತನಕ ಸರಕಾರ ನಡೆಯಗೊಡಲಿಲ್ಲ. ನಡುವೆ 2023ರ ವಿಂಡ್ಸರ್ ಒಪ್ಪಂದ ಅಲ್ಲೇ ಉಳಿಯುವ ಸರಕಿಗೆ ಹಸಿರು ದಾರಿ, ದಕ್ಷಿಣಕ್ಕೆ ದಾಟಬಹುದಾದದ್ದಕ್ಕೆ ಕೆಂಪು ದಾರಿ ಮಾಡಿ ತಪಾಸಣೆ ಹಗುರಗೊಳಿಸಿತು. ಗೋಡೆ ತೆಳುವಾಯಿತು, ಅಷ್ಟೇ. ನೆನಪಿಡಿ, ಆ ಉತ್ತರ ಐರ್ಲೆಂಡಿನ ಶೇಕಡಾ 55.8 ಮತದಾರರು ಒಕ್ಕೂಟದಲ್ಲೇ ಇರೋಣ ಎಂದಿದ್ದರು!

ನಮ್ಮ ಕಾನೂನು ನಾವೇ ಮಾಡಿಕೊಳ್ಳಬೇಕು ಎಂಬ ಆಸೆ ಮೂರ್ಖತನವಲ್ಲ. ನಾವೂ ಅದಕ್ಕಾಗಿ ಹೋರಾಡಿದವರೇ. ಮತದಾರರು ದಡ್ಡರು ಎನ್ನುವವರ ಜೊತೆ ನಾನಿಲ್ಲ. ಅವರಿಗೆ ಬೆಲೆಚೀಟಿ ತೋರಿಸಲಿಲ್ಲ ಎನ್ನುವುದು ನನ್ನ ತಕರಾರು. ಮಾಜಿ ಪ್ರಧಾನಿಗಳಾದ ಜಾನ್ ಮೇಜರ್, ಟೋನಿ ಬ್ಲೇರ್ ಇಬ್ಬರೂ ಮತದಾನಕ್ಕೆ ಮುಂಚೆಯೇ ಡೆರಿ ಊರಿಗೆ ಹೋಗಿ ಗಡಿಯ ಬಗ್ಗೆ ಎಚ್ಚರಿಸಿದ್ದರು. 'ಬಿಡೋಣ' ಎಂದವರು ಅದನ್ನು ಬೆದರಿಕೆ ಎಂದು ತಳ್ಳಿಹಾಕಿದರು, ಉತ್ತರ ಕೊಡಲಿಲ್ಲ.

ನಮ್ಮ ಚರ್ಚಾಸ್ಪರ್ಧೆಗಳಲ್ಲೂ 'ಪರ'ದವರು 'ಬೇಕು' ಎಂದು ಗುಡುಗಿ ಚಪ್ಪಾಳೆ ಗಿಟ್ಟಿಸಿ ಕೂತುಬಿಡುತ್ತಾರೆ. ಇನ್ನು ಮೇಲೆ ಎದ್ದು ನಿಂತು ಕೇಳೋಣ: ಸರಿ ಸ್ವಾಮಿ, ನಾಳೆ ಬೆಳಿಗ್ಗೆ ಗೋಡೆ ಯಾರ ಮನೆಯ ನಡುವೆ ಏಳುತ್ತದೆ? ಇದನ್ನು ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಲಿ. ಓದಲು ನಾನು ಸಿದ್ಧ.